ಮಗುವಿನ ಕಣ್ಣಿನ ಪಕ್ಕ ಕೀವು ಎಂದಿದ್ದಾರೆ; ಆಪರೇಷನ್ ಮಾಡದೆ ಕಾಯುವುದು ಸರಿಯೇ?

ಕಪ್ಪತಗುಡ್ಡ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇಲ್ಲಿ ವೈದ್ಯರೂ ನರ್ಸ್‌ಗಳೂ ಇದ್ದಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ತಂಗಿಯ ಮಗನಿಗೆ ಐದು ವರ್ಷ. ನಮ್ಮದು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿ. ಹುಡುಗನಿಗೆ ವಾರದಿಂದ ನೆಗಡಿ, ಮೂಗಿನಲ್ಲಿ ಹಳದಿ ಸಿಂಬಳ ಇತ್ತು. ಆಮೇಲೆ ಒಂದು ಬೆಳಿಗ್ಗೆ ಎಡಗಣ್ಣಿನ ರೆಪ್ಪೆ ಊದಿಕೊಂಡಿತು. ಊರಿನಲ್ಲಿ ಕಣ್ಣು ಬೇನೆ ಎಂದು ಹನಿ ಔಷಧ ಬರೆದುಕೊಟ್ಟರು. ಅದೇ ರಾತ್ರಿ ಜ್ವರ ಏರಿತು, ರೆಪ್ಪೆ ಕೆಂಪಾಗಿ ಕಣ್ಣು ಪೂರ್ತಿ ಮುಚ್ಚಿಹೋಯಿತು. ಈಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ದಾಖಲು ಮಾಡಿದ್ದೇವೆ.

ಸ್ಕ್ಯಾನ್ ಮಾಡಿಸಿದರು. ಮೂಗಿನ ಪಕ್ಕದ ಸೈನಸ್‌ನಲ್ಲಿ ಸೋಂಕು ಇದೆ, ಅಲ್ಲಿಂದ ಕಣ್ಣಿನ ಗೂಡಿಗೆ ಹರಡಿದೆ, ಗೂಡಿನ ಒಳಗೋಡೆಗೆ ಅಂಟಿಕೊಂಡಂತೆ ಸಣ್ಣ ಕೀವಿನ ಗುಳ್ಳೆ ಇದೆ ಎಂದರು. ಸಲೈನ್ ಮೂಲಕ ಎರಡು ಬಗೆಯ ಆ್ಯಂಟಿಬಯಾಟಿಕ್ ಕೊಡುತ್ತಿದ್ದಾರೆ. ಸದ್ಯಕ್ಕೆ ಆಪರೇಷನ್ ಬೇಡ, ಒಂದೆರಡು ದಿನ ನೋಡೋಣ ಎನ್ನುತ್ತಾರೆ.

ಮನೆಯಲ್ಲಿ ಜಗಳ ಶುರುವಾಗಿದೆ. ಭಾವನ ಕಡೆಯವರು ಕೀವು ಆದ ಮೇಲೆ ಕೊಯ್ದು ತೆಗೆಯದೆ ಬಿಡುವುದುಂಟೇ, ಬೆಂಗಳೂರಿಗೆ ನಡೆಯಿರಿ ಎನ್ನುತ್ತಾರೆ. ತಂಗಿಯದು ಒಂದೇ ಮಾತು, ಕಣ್ಣಿನ ಹತ್ತಿರ ಕತ್ತರಿ ತರಬೇಡಿ. ಮಾವನಾದ ನನ್ನ ಕಡೆ ಎಲ್ಲರೂ ನೋಡುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಧಾರವಾಡ ಪೇಡೆ (ರಾತ್ರಿ 9:52)

ಒಂದು ನಿಮಿಷವೂ ತಡ ಮಾಡಬೇಡಿ ಅಣ್ಣಾ. ಕಣ್ಣಿನ ವಿಷಯ. ಇವತ್ತೇ ರಾತ್ರಿ ಗಾಡಿ ಮಾಡಿಕೊಂಡು ಬೆಂಗಳೂರಿಗೆ ಹೊರಡಿ.

ಉಣಕಲ್ ಕೆರೆ (ರಾತ್ರಿ 10:15)

ನಾನು ಹುಬ್ಬಳ್ಳಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯ. ಮಗುವನ್ನು ನೋಡಿಲ್ಲ. ಹಾಗಾಗಿ ನಾನು ಹೇಳುವುದು ಈ ಕಾಯಿಲೆಯ ಬಗ್ಗೆ ಹೊರತು ನಿಮ್ಮ ಹುಡುಗನಿಗೆ ಏನು ಮಾಡಬೇಕು ಎಂದಲ್ಲ.

ಮೊದಲು ಪೇಡೆಯವರಿಗೆ: ರಾತ್ರೋರಾತ್ರಿ ನಾನೂರು ಕಿಲೋಮೀಟರ್ ಹೊರಡುವುದೆಂದರೆ ಆರೇಳು ಗಂಟೆ ಆ ಕಣ್ಣನ್ನು ಯಾರೂ ಪರೀಕ್ಷಿಸುವುದಿಲ್ಲ, ಒಂದು ಸರದಿಯ ಇಂಜೆಕ್ಷನ್ ತಪ್ಪಿದರೂ ತಪ್ಪಿತು. ಈ ರೋಗದಲ್ಲಿ ಮಗುವಿಗೆ ಬೇಕಿರುವುದು ಸರಿಯಾದ ಔಷಧ, ಸ್ಕ್ಯಾನ್, ಕಣ್ಣಿನ ವೈದ್ಯರು, ಮೂಗಿನ ವೈದ್ಯರು, ಮಕ್ಕಳ ವೈದ್ಯರು, ಮತ್ತು ನಡುರಾತ್ರಿಯಲ್ಲೂ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಬಲ್ಲ ತಂಡ. ಇಷ್ಟು ಒಂದೇ ಸೂರಿನಡಿ ಹುಬ್ಬಳ್ಳಿ-ಧಾರವಾಡದಲ್ಲೇ ಸಿಗುತ್ತದೆ. ಇಲ್ಲದ ಕಡೆ ಮಗು ಇದ್ದರೆ ಇರುವ ಕಡೆಗೆ ಕಳುಹಿಸುವುದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ರೆಪ್ಪೆಯೊಳಗೆ ಒಂದು ತೆಳುವಾದ ಪದರ ಇದೆ. ಅದರ ಮುಂದಿನ ಸೋಂಕು ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ. ಮುಂದಿನದು ಹೆಚ್ಚಾಗಿ ಹುಳು ಕಚ್ಚಿ, ಗೀರಿ, ಕಣ್ಣುಕುಟಿಕೆಯಿಂದ ಬರುತ್ತದೆ. ರೆಪ್ಪೆ ಭಯ ಹುಟ್ಟಿಸುವಷ್ಟು ಊದಿದರೂ ಒಳಗಿನ ಕಣ್ಣು ನೆಟ್ಟಗಿರುತ್ತದೆ. ಆಡಿಕೊಂಡಿರುವ ದೊಡ್ಡ ಮಗುವಾದರೆ ಬಾಯಿಯಿಂದ ಔಷಧ ಕೊಟ್ಟು ಮರುದಿನ ತಪ್ಪದೆ ನೋಡಿದರೆ ಸಾಕಾಗುತ್ತದೆ. ವರ್ಷದೊಳಗಿನ ಕೂಸಿಗೆ ಆ ರಿಯಾಯಿತಿ ಇಲ್ಲ. ಪದರದ ಹಿಂದಿನ ಸೋಂಕು ಕಣ್ಣುಗುಡ್ಡೆ, ಅದನ್ನು ತಿರುಗಿಸುವ ಸ್ನಾಯು, ದೃಷ್ಟಿಯ ನರ ಇರುವ ಗೂಡಿನೊಳಗಿನದು. ಆಗ ಕಣ್ಣುಗುಡ್ಡೆ ಮುಂದಕ್ಕೆ ಬರುತ್ತದೆ, ತಿರುಗಿಸಿದರೆ ನೋಯುತ್ತದೆ ಅಥವಾ ತಿರುಗುವುದೇ ಇಲ್ಲ, ಒಂದು ಎರಡಾಗಿ ಕಾಣುತ್ತದೆ, ನೋಟ ಮಸುಕಾಗುತ್ತದೆ. ಇದಕ್ಕೆ ಮನೆ ಚಿಕಿತ್ಸೆ ಎಂಬುದಿಲ್ಲ, ದಾಖಲು ಮಾಡಲೇಬೇಕು.

ಮಕ್ಕಳಲ್ಲಿ ಇದು ಬಹುಪಾಲು ಸೈನಸ್‌ನಿಂದಲೇ ಬರುತ್ತದೆ. ಎಥ್ಮಾಯ್ಡ್ ಎಂಬ ಸೈನಸ್ ಹುಟ್ಟುವಾಗಲೇ ಇರುತ್ತದೆ, ಅದಕ್ಕೂ ಕಣ್ಣಿನ ಗೂಡಿಗೂ ನಡುವಿನ ಮೂಳೆ ಕಾಗದದಷ್ಟು ತೆಳು. ಆ ಭಾಗದ ರಕ್ತನಾಳಗಳಲ್ಲಿ ಕವಾಟಗಳೂ ಇಲ್ಲ, ಸೋಂಕು ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು. ಮೂಳೆ ದಾಟಿದ ಸೋಂಕು ಮೂಳೆಗೂ ಅದರ ಮೇಲಿನ ಹೊದಿಕೆಗೂ ನಡುವೆ ಕೀವಾಗಿ ನಿಲ್ಲುತ್ತದೆ. ನೀವು ಬರೆದಿರುವ ‘ಒಳಗೋಡೆಗೆ ಅಂಟಿಕೊಂಡ ಗುಳ್ಳೆ’ ಇದೇ ಇರಬೇಕು. 1970ರಲ್ಲಿ ಚಾಂಡ್ಲರ್ ಎಂಬ ವೈದ್ಯರು ಮಾಡಿದ ಐದು ಹಂತಗಳ ವಿಂಗಡಣೆಯನ್ನು ನಾವು ಈಗಲೂ ಬಳಸುತ್ತೇವೆ. ಅದರಲ್ಲಿ ಇದು ಮೂರನೆಯದು. ನಾಲ್ಕನೆಯದು ಗೂಡಿನ ಕೊಬ್ಬಿನೊಳಗೇ ಕೀವು, ಐದನೆಯದು ಮಿದುಳಿನ ಬುಡದ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಹೆದರಿಸಲು ಹೇಳುತ್ತಿಲ್ಲ. ‘ನೋಡೋಣ’ ಎಂದ ವೈದ್ಯರು ಸುಮ್ಮನೆ ಕುಳಿತಿಲ್ಲ, ಅದು ನಾಲ್ಕಕ್ಕೆ ಹೋಗದಂತೆ ಕಾವಲು ಕಾಯುತ್ತಿದ್ದಾರೆ.

ಕಾಯುವುದಕ್ಕೆ ಆಧಾರವೂ ಇದೆ. 2000ರಲ್ಲಿ ಗಾರ್ಸಿಯಾ ಮತ್ತು ಹ್ಯಾರಿಸ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಯಾವ ಮಕ್ಕಳಲ್ಲಿ ಆಪರೇಷನ್ ಇಲ್ಲದೆ ಔಷಧದಿಂದಲೇ ಪ್ರಯತ್ನಿಸಬಹುದು ಎಂಬುದಕ್ಕೆ ಮಾನದಂಡ ಪ್ರಕಟಿಸಿದರು. ವಯಸ್ಸು ಒಂಬತ್ತಕ್ಕಿಂತ ಕಡಿಮೆ ಇರಬೇಕು, ಕೀವು ಸಣ್ಣದಾಗಿ ಒಳಗೋಡೆಯ ಕಡೆಗೇ ಇರಬೇಕು, ದೃಷ್ಟಿ ಕುಂದಿರಬಾರದು, ಹಣೆಯ ಸೈನಸ್ ಅಥವಾ ಮಿದುಳಿಗೆ ತಗುಲಿರಬಾರದು, ಹಲ್ಲಿನಿಂದ ಬಂದ ಸೋಂಕಾಗಿರಬಾರದು, ಸ್ಕ್ಯಾನ್‌ನಲ್ಲಿ ಕೀವಿನೊಳಗೆ ಗಾಳಿ ಕಾಣಬಾರದು. ಇಂಥ ಮಕ್ಕಳಲ್ಲಿ ಬಹುತೇಕರು ಇಂಜೆಕ್ಷನ್‌ನಲ್ಲೇ ಗುಣವಾದರು. ಐದು ವರ್ಷ, ಸಣ್ಣ ಗುಳ್ಳೆ, ಒಳಗೋಡೆ ಎಂದು ನೀವೇ ಬರೆದಿದ್ದೀರಿ. ಉಳಿದದ್ದನ್ನು ನಿಮ್ಮ ವೈದ್ಯರ ಬಳಿ ಕೇಳಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಬೇಸರಪಟ್ಟರೂ ಕೇಳಿ.

ಬ್ಯಾಡಗಿ ಘಾಟು (ರಾತ್ರಿ 10:31)

ಡಾಕ್ಟರ್ ಸಾಹೇಬರೇ, ನಿಮ್ಮ ಐದು ಹಂತ ಎಲ್ಲ ಸರಿ. ನಮ್ಮ ಅನುಭವದಲ್ಲಿ ಸರಕಾರಿ ಚಿಕಿತ್ಸಾ ಯೋಜನೆಯ ಕಾರ್ಡ್ ಇದ್ದರೆ ಆಪರೇಷನ್ ಮಾಡುತ್ತಾರೆ, ಇಲ್ಲದಿದ್ದರೆ ‘ನೋಡೋಣ’ ಎನ್ನುತ್ತಾರೆ. ಅದನ್ನು ಯಾರು ನೋಡುತ್ತಾರೆ?

ಉಣಕಲ್ ಕೆರೆ (ರಾತ್ರಿ 10:38)

ನಿಮ್ಮ ಸಂಶಯವನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ನಾನೂ ಇದೇ ಊರಿನವನು. ಆದರೆ ಈ ಪ್ರಕರಣದಲ್ಲಿ ಅದನ್ನು ಅಳೆಯಲು ದಾರಿ ಇದೆ. ಕಾಯುತ್ತೇವೆ ಎಂದವರು ಎಷ್ಟು ಹೊತ್ತಿಗೊಮ್ಮೆ ಬಂದು ಕಣ್ಣು ತೆರೆದು ನೋಡುತ್ತಾರೆ? ಏನಾದರೆ ಆಪರೇಷನ್‌ಗೆ ಕರೆದೊಯ್ಯುತ್ತಾರೆ ಎಂಬುದನ್ನು ಮೊದಲೇ ಹೇಳಿದ್ದಾರೆಯೇ? ಹೇಳಿದ್ದರೆ ಅದು ಚಿಕಿತ್ಸೆ. ಬೆಳಿಗ್ಗೆ ಒಮ್ಮೆ ಬಾಗಿಲಲ್ಲಿ ನಿಂತು ‘ಹೇಗಿದ್ದಾನೆ’ ಎಂದು ಕೇಳಿ ಹೋದರೆ ನಿಮ್ಮ ಸಂಶಯಕ್ಕೆ ಕಾರಣ ಇದೆ.

ಸಾಧನಕೇರಿ ಮಳೆ (ರಾತ್ರಿ 11:05)

ಧಾರವಾಡದಲ್ಲಿ ಮಕ್ಕಳ ವಾರ್ಡಿನ ನರ್ಸ್ ನಾನು. ರಾತ್ರಿ ಪಾಳಿಯ ನಡುವೆ ಬರೆಯುತ್ತಿದ್ದೇನೆ. ಸರ್ ಹೇಳಿದ ‘ಕಣ್ಣು ತೆರೆದು ನೋಡುವುದು’ ಹೇಗಿರುತ್ತದೆ ಎಂದು ಹೇಳಿದರೆ ಆ ತಾಯಿಗೆ ಸಮಾಧಾನವಾದೀತು.

ಊದಿದ ರೆಪ್ಪೆಯನ್ನು ಬೆರಳಿನಿಂದ ಒತ್ತಿ ತೆರೆಯುವುದಿಲ್ಲ. ಒಂದು ಹೆಬ್ಬೆರಳು ಹುಬ್ಬಿನ ಮೂಳೆಯ ಮೇಲೆ, ಇನ್ನೊಂದು ಕೆನ್ನೆಯ ಮೂಳೆಯ ಮೇಲೆ ಇಟ್ಟು ಚರ್ಮವನ್ನು ಮೆಲ್ಲಗೆ ಬೇರೆ ಬೇರೆ ದಿಕ್ಕಿಗೆ ಸರಿಸುತ್ತೇವೆ. ಒತ್ತಡ ಮೂಳೆಯ ಮೇಲೆ ಬೀಳುತ್ತದೆ, ಗುಡ್ಡೆಯ ಮೇಲಲ್ಲ. ಸೀಳಿನಷ್ಟು ತೆರೆದರೂ ಸಾಕು. ಆಮೇಲೆ ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತಿರುಗಿಸುತ್ತೇವೆ. ಬೆಳಕು ಬಿದ್ದಾಗ ಪಾಪೆ ಕಿರಿದಾಗಬೇಕು. ಸೋಂಕಿನ ಕಣ್ಣಿಗೆ ಬೆಳಕು ತಿರುಗಿಸಿದಾಗ ಪಾಪೆ ಕಿರಿದಾಗುವ ಬದಲು ಹಿಗ್ಗಿದರೆ ನರಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ, ಆ ಗಳಿಗೆಯೇ ವೈದ್ಯರಿಗೆ ಫೋನ್ ಹೋಗುತ್ತದೆ. ಬಣ್ಣ ನೋಡಲು ನಮ್ಮ ವಾರ್ಡಿನಲ್ಲಿ ಔಷಧ ಬಾಟಲಿಯ ಕೆಂಪು ಮುಚ್ಚಳ ಇದೆ. ಒಂದು ಕಣ್ಣು ಮುಚ್ಚಿ ತೋರಿಸುತ್ತೇವೆ, ಆಮೇಲೆ ಇನ್ನೊಂದು. ಎರಡರಲ್ಲೂ ಒಂದೇ ಕೆಂಪು ಕಾಣುತ್ತದೆಯೇ ಎಂದು ಕೇಳುತ್ತೇವೆ. ದೃಷ್ಟಿ ಮಸುಕಾಗುವ ಮೊದಲೇ ಕೆಂಪು ಬಣ್ಣ ಮಾಸಿದಂತೆ ಕಾಣಬಹುದು. ಐದು ವರ್ಷದ ಮಗು ಚೆನ್ನಾಗಿಯೇ ಹೇಳುತ್ತದೆ. ಒಬ್ಬ ಪುಟ್ಟ ‘ಇದು ಗುಲಾಬಿ, ಅದು ಕೆಂಪು’ ಎಂದಾಗ ನಾವೆಲ್ಲ ಓಡಿದ್ದೆವು.

ಕಣ್ಣು ತಿರುಗಿಸುವುದನ್ನು ನೋಡಲು ಬೆರಳು ತೋರಿಸಿದರೆ ಜ್ವರದ ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಾಯಿಯ ಮೊಬೈಲ್‌ನಲ್ಲಿ ಕಾರ್ಟೂನ್ ಹಾಕಿ ಮೇಲೆ, ಕೆಳಗೆ, ಅತ್ತ, ಇತ್ತ ಸರಿಸಿದರೆ ಕಣ್ಣು ತಾನಾಗಿಯೇ ಹಿಂಬಾಲಿಸುತ್ತದೆ. ತಲೆ ತಿರುಗಿಸದಂತೆ ಯಾರಾದರೂ ಗಲ್ಲ ಹಿಡಿದುಕೊಳ್ಳಬೇಕು, ಅಷ್ಟೇ.

ಇನ್ನೊಂದು ಮಾತು. ಕೊಡುತ್ತಿರುವ ಔಷಧದಲ್ಲಿ ವ್ಯಾಂಕೋಮೈಸಿನ್ ಇದ್ದರೆ ಅದನ್ನು ಕಡಿಮೆಯೆಂದರೂ ಒಂದು ಗಂಟೆ ನಿಧಾನವಾಗಿ ಬಿಡಬೇಕು. ಬೇಗ ಬಿಟ್ಟರೆ ಮುಖ, ಕತ್ತು ಕೆಂಪಾಗಿ ತುರಿಸುತ್ತದೆ. ‘ಸಲೈನ್ ಎಷ್ಟು ನಿಧಾನ ಇದೆ, ಸ್ವಲ್ಪ ಜೋರು ಮಾಡಿ’ ಎಂದು ಸಂಬಂಧಿಕರು ತಾವೇ ಚಕ್ರ ತಿರುಗಿಸುವುದನ್ನು ನೋಡಿದ್ದೇನೆ. ದಯವಿಟ್ಟು ಕೈ ಹಚ್ಚಬೇಡಿ.

ಕಪ್ಪತಗುಡ್ಡ (ರಾತ್ರಿ 11:20)

ಡಾಕ್ಟರಿಗೂ ಅಕ್ಕನವರಿಗೂ ಅನಂತ ಧನ್ಯವಾದ. ಅಕ್ಕನವರು ಬರೆದದ್ದನ್ನು ತಂಗಿಗೆ ಓದಿ ಹೇಳಿದೆ. ಇಲ್ಲಿಯ ನರ್ಸ್ ಕೂಡ ಟಾರ್ಚ್ ಹಿಡಿದು ಬರುತ್ತಾರೆ, ಇವಳು ಪ್ರತಿ ಸಲ ಮಗುವಿನ ನಿದ್ದೆ ಕೆಡಿಸುತ್ತಾರೆ ಎಂದು ಸಿಟ್ಟಾಗುತ್ತಿದ್ದಳಂತೆ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿದ್ದಾರೆ. ಅದು ಏಕೆ?

ಸಾಧನಕೇರಿ ಮಳೆ (ರಾತ್ರಿ 11:24)

ಗೆರೆ ದಾಟಿ ಕೆಂಪು ಹರಡಿದರೆ ಪಾಳಿ ಬದಲಾದ ಮೇಲೆ ಬಂದವರಿಗೂ ತಿಳಿಯಲಿ ಎಂದು. ಸ್ನಾನ ಮಾಡಿಸುವ ನೆಪದಲ್ಲಿ ಅಳಿಸಿಬಿಡಬೇಡಿ ತಮ್ಮಾ.

ಏಲಕ್ಕಿ ಹಾರ (ಮಂಗಳವಾರ, ಬೆಳಿಗ್ಗೆ 6:50)

ನನ್ನದು ಇದಕ್ಕೆ ವಿರುದ್ಧವಾದ ಕಥೆ, ಆದ್ದರಿಂದ ಬರೆಯಲೇಬೇಕು. ಊರು ಹಾವೇರಿ. ಮಗನಿಗೆ ಆಗ ಹನ್ನೆರಡು. ಅವನದೂ ಸೈನಸ್‌ನಿಂದ ಶುರುವಾದದ್ದೇ, ಆದರೆ ಹಣೆಯ ಕಡೆಯದು. ತಲೆನೋವು ತಡೆಯಲಾಗದೆ ವಾಂತಿ ಮಾಡುತ್ತಿದ್ದ. ಕಣ್ಣು ಹೊರಗೆ ಮಾತ್ರವಲ್ಲ, ಸ್ವಲ್ಪ ಕೆಳಕ್ಕೂ ತಳ್ಳಿದಂತೆ ಕಾಣುತ್ತಿತ್ತು. ಹುಬ್ಬಳ್ಳಿಗೆ ಮುಟ್ಟಿದ ರಾತ್ರಿಯೇ ಆಪರೇಷನ್ ಮಾಡಿದರು. ಕೀವು ಗೂಡಿನ ಮೇಲ್ಭಾಗದಲ್ಲಿ ಇದ್ದುದರಿಂದ ಮೂಗಿನೊಳಗಿನಿಂದ ದುರ್ಬೀನು ಹಾಕಿ ಸೈನಸ್ ತೆರೆದದ್ದಲ್ಲದೆ ಹುಬ್ಬಿನ ಕೆಳಗೂ ಸಣ್ಣದಾಗಿ ಕೊಯ್ಯಬೇಕಾಯಿತು. ಈಗ ಆ ಗೆರೆ ಹುಡುಕಿದರೂ ಕಾಣದು. ದೃಷ್ಟಿ ಪೂರ್ತಿ ಉಳಿದಿದೆ, ಕ್ರಿಕೆಟ್ ಆಡುತ್ತಾನೆ. ಆಪರೇಷನ್ ಎಂದ ಕೂಡಲೇ ಕಣ್ಣು ಹೋಯಿತು ಎಂದುಕೊಳ್ಳುವ ತಾಯಂದಿರಿಗೆ ಇದನ್ನು ಹೇಳುತ್ತಿದ್ದೇನೆ. ತಂಗೀ, ವೈದ್ಯರು ಬೇಕು ಎಂದ ದಿನ ಬೇಡ ಎನ್ನಬೇಡ.

ಉಣಕಲ್ ಕೆರೆ (ಬೆಳಿಗ್ಗೆ 7:30)

ಅಕ್ಕನವರು ಹೇಳಿದ್ದು ಸರಿಯಾಗಿದೆ. ಹಣೆಯ ಸೈನಸ್ ಸಣ್ಣ ಮಕ್ಕಳಲ್ಲಿ ಇನ್ನೂ ಬೆಳೆದಿರುವುದಿಲ್ಲ. ಆರೇಳು ವರ್ಷದ ನಂತರ ರೂಪ ಪಡೆಯುತ್ತದೆ. ದೊಡ್ಡ ಮಕ್ಕಳಲ್ಲಿ ಒಂದೇ ಬಗೆಯ ರೋಗಾಣುವಿನ ಬದಲು ಹಲವು ಸೇರಿಕೊಂಡಿರುವುದೂ ಹೆಚ್ಚು, ಗಾಳಿ ಬೇಡದ ಜಾತಿಯವೂ ಸೇರಿ. ಅದಕ್ಕೇ ವಯಸ್ಸು ಹೆಚ್ಚಾದಂತೆ ನಮ್ಮ ಕೈ ಬೇಗ ಆಪರೇಷನ್ ಕಡೆಗೆ ಹೋಗುತ್ತದೆ.

ಚಿಕ್ಕವರಲ್ಲೂ ಕೆಲವು ಸಂದರ್ಭಗಳಲ್ಲಿ ಚರ್ಚೆಯೇ ಇಲ್ಲ. ದೃಷ್ಟಿ ಕುಂದುತ್ತಿದ್ದರೆ, ಪಾಪೆ ಸರಿಯಾಗಿ ಸ್ಪಂದಿಸದಿದ್ದರೆ ಗಂಟೆ ಲೆಕ್ಕದಲ್ಲಿ ಆಪರೇಷನ್. ಎರಡು ದಿನ ಸರಿಯಾದ ಇಂಜೆಕ್ಷನ್ ಕೊಟ್ಟ ಮೇಲೂ ಜ್ವರ ಇಳಿಯದಿದ್ದರೆ, ಕಣ್ಣು ಇನ್ನೂ ಮುಂದೆ ಬರುತ್ತಿದ್ದರೆ ಆಗಲೂ. ಕೀವಿನ ದಪ್ಪ 10 ಮಿಲಿಮೀಟರ್ ದಾಟಿದ್ದರೆ ಔಷಧದಿಂದ ಮಾತ್ರ ಕರಗುವ ಭರವಸೆ ಕಡಿಮೆ.

ಇಲ್ಲೇ ಒಂದು ಸೂಕ್ಷ್ಮ ಇದೆ. ಮೊದಲ ಒಂದೆರಡು ದಿನ ಮಗು ಚೇತರಿಸಿಕೊಳ್ಳುತ್ತಿದ್ದರೂ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಕೀವು ಹೆಚ್ಚಾದಂತೆ ಕಾಣಬಹುದು. ಚಿತ್ರ ಹಿಂದೆ ಉಳಿದಿರುತ್ತದೆ, ಮಗು ಮುಂದೆ ಹೋಗಿರುತ್ತದೆ. ಹಾಗಾಗಿ ‘ದಿನಕ್ಕೊಂದು ಸ್ಕ್ಯಾನ್ ಮಾಡಿ’ ಎಂದು ಒತ್ತಾಯಿಸಬೇಡಿ, ವಿಕಿರಣವೂ ಪುಕ್ಕಟೆ ಬರುವುದಲ್ಲ. ಕಣ್ಣಿನ ಪರೀಕ್ಷೆ ಏನು ಹೇಳುತ್ತದೆ ಎಂದು ಕೇಳಿ.

ಬ್ಯಾಡಗಿ ಘಾಟು (ಬೆಳಿಗ್ಗೆ 8:02)

ಏಲಕ್ಕಿ ಹಾರದ ಅಕ್ಕನವರ ಮಾತು ಓದಿದ ಮೇಲೆ ನನ್ನ ಘಾಟು ಸ್ವಲ್ಪ ಇಳಿದಿದೆ. ಆದರೂ ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಂಥ ಮಗುವನ್ನು ಕೂಲಿಯವನು ಎಲ್ಲಿಗೆ ಕರೆದೊಯ್ಯಬೇಕು?

ನವಲಗುಂದ ಜಮಖಾನೆ (ಬೆಳಿಗ್ಗೆ 9:15)

ಅದಕ್ಕೆ ನಾನು ಹೇಳುತ್ತೇನೆ, ಆಸ್ಪತ್ರೆಗಳ ಕಾಗದಪತ್ರದ ಕೆಲಸ ಮಾಡುವವನು. ಹುಬ್ಬಳ್ಳಿ ವಿದ್ಯಾನಗರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು, ನಾವೆಲ್ಲ ಈಗಲೂ ಕಿಮ್ಸ್ ಎಂದೇ ಕರೆಯುವುದನ್ನು, ಮೊದಲು ನೆನಪಿಡಿ. ಗದಗಿನಲ್ಲೂ ಹಾವೇರಿಯಲ್ಲೂ ಈಗ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ, ಮೊದಲ ಡೋಸ್ ಇಂಜೆಕ್ಷನ್ ಅಲ್ಲೇ ಕೊಡಿಸಿಕೊಂಡು ಅಗತ್ಯ ಬಿದ್ದರೆ 108ರಲ್ಲಿ ಹುಬ್ಬಳ್ಳಿಗೆ ಬರಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್ ಇದ್ದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರಕಾರದ್ದು. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಪ್ರಕರಣಗಳಿಗೆ ವಿನಾಯಿತಿ ಇದೆ. ರೇಷನ್ ಕಾರ್ಡ್, ಆಧಾರ್ ಎರಡರ ಜೆರಾಕ್ಸ್ ಇಟ್ಟುಕೊಂಡು ನೇರವಾಗಿ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಮೇಜಿಗೆ ಹೋಗಿ. ಹೊರಗೆ ನಿಂತು ‘ನಾನು ಮಾಡಿಸಿಕೊಡುತ್ತೇನೆ’ ಎನ್ನುವವರ ಕೈಗೆ ಕಾಗದ ಕೊಡಬೇಡಿ.

ತುಂಗಭದ್ರಾ ತೀರ (ಬೆಳಿಗ್ಗೆ 10:40)

ರಾಣೆಬೆನ್ನೂರಿನಲ್ಲಿ ಔಷಧ ಅಂಗಡಿ ನನ್ನದು. ಮೊದಲ ಬರಹದಲ್ಲಿದ್ದ ‘ಹನಿ ಔಷಧ’ ನನ್ನನ್ನು ಚುಚ್ಚಿತು. ವಾರದಲ್ಲಿ ಎಷ್ಟು ಜನ ಬಂದು ‘ಕಣ್ಣು ಕೆಂಪಾಗಿದೆ, ಕಳೆದ ಸಲ ಕೊಟ್ಟ ಹನಿ ಕೊಡಿ’ ಎನ್ನುತ್ತಾರೆ ಗೊತ್ತೇ? ಆ ಬಾಟಲಿಗಳಲ್ಲಿ ಬಹಳಷ್ಟರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇರುತ್ತದೆ. ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ನಾನು ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಕೆಂಪು ಒಂದು ದಿನ ಇಳಿದಂತೆ ಕಂಡು, ಒಳಗಿನ ಸೋಂಕು ತನ್ನ ಪಾಡಿಗೆ ಬೆಳೆಯುತ್ತದೆ. ಹನಿ ಔಷಧ ಕಣ್ಣಿನ ಮುಂಭಾಗಕ್ಕೆ, ಗುಡ್ಡೆಯ ಹಿಂದಿನ ಕೀವಿಗೆ ಅದು ತಲುಪುವುದೂ ಇಲ್ಲ.

ಅರ್ಧ ಉಳಿದ ಆ್ಯಂಟಿಬಯಾಟಿಕ್ ಸಿರಪ್ ಕುಡಿಸಿ ಬರುವವರು ಇನ್ನೊಂದು ಗುಂಪು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳು 2014ರಿಂದ, ಚೀಟಿ ಇಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿಯಲ್ಲಿವೆ. ರೋಗಿಯ ಹೆಸರು, ಚೀಟಿ ಬರೆದವರ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಗಿರಾಕಿಗೆ ಇದನ್ನು ಹೇಳಿದರೆ ನನ್ನನ್ನೇ ಕಳ್ಳನಂತೆ ನೋಡುತ್ತಾರೆ.

ಕುಂದಗೋಳದ ಅಜ್ಜಿ (ಬೆಳಿಗ್ಗೆ 11:10)

ನಮ್ಮ ಕಾಲದಲ್ಲಿ ಊದಿದ ಕಣ್ಣಿಗೆ ಎದೆಹಾಲು ಬಿಡುತ್ತಿದ್ದೆವು, ಹರಳೆಣ್ಣೆ ಹಚ್ಚುತ್ತಿದ್ದೆವು. ಎಲ್ಲರ ಕಣ್ಣೂ ಚೆನ್ನಾಗಿಯೇ ಇವೆ.

ಸೋಮೇಶ್ವರ ಗುಡಿ (ಬೆಳಿಗ್ಗೆ 11:45)

ಅಜ್ಜೀ, ಚೆನ್ನಾಗಿರುವವರು ಮಾತ್ರ ನಿಮ್ಮ ಕಣ್ಣಿಗೆ ಬಿದ್ದಿದ್ದಾರೆ. ಕಣ್ಣಿನ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿರುವ ನನ್ನಂಥವರ ಪಾಲಿಗೆ ಉಳಿದವರು ಬರುತ್ತಾರೆ. ಎಣ್ಣೆ, ಹಾಲು, ಈರುಳ್ಳಿ ರಸ ಯಾವುದೂ ಬೇಡ. ಹರಳೆಣ್ಣೆ ಸುತ್ತ ಹಚ್ಚಿದರೆ ದೊಡ್ಡ ಹಾನಿ ಇಲ್ಲದಿರಬಹುದು. ಹಾನಿ ಇರುವುದು ಅದನ್ನು ಹಚ್ಚಿ ‘ನಾಳೆ ನೋಡೋಣ’ ಎನ್ನುವುದರಲ್ಲಿ.

ಒಂದು ವಿಷಯ ಯಾರೂ ಹೇಳಿಲ್ಲ. ಜ್ವರವಿಲ್ಲ, ನೆಗಡಿ ಇಲ್ಲ, ಆದರೆ ಮಗುವಿನ ಒಂದು ಕಣ್ಣು ದಿನದಿಂದ ದಿನಕ್ಕೆ ಮುಂದೆ ಬರುತ್ತಿದ್ದರೆ ಅದು ಸೋಂಕು ಎಂದುಕೊಂಡು ಔಷಧ ಬದಲಾಯಿಸುತ್ತಾ ಕೂರಬಾರದು. ರ‍್ಯಾಬ್ಡೊಮಯೊಸಾರ್ಕೋಮಾ ಎಂಬ ಗಡ್ಡೆ ಮಕ್ಕಳ ಕಣ್ಣಿನ ಗೂಡಿನಲ್ಲಿ ಬಹಳ ವೇಗವಾಗಿ ಬೆಳೆಯುತ್ತದೆ, ನೋಡಲು ಸೋಂಕಿನಂತೆಯೇ ಕಾಣಬಹುದು. ಕಣ್ಣಿನೊಳಗಿನ ರೆಟಿನೋಬ್ಲಾಸ್ಟೋಮಾ ಕೂಡ ಅಪರೂಪಕ್ಕೆ ರೆಪ್ಪೆಯನ್ನು ಊದಿಸುತ್ತದೆ. ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದಿದ್ದರೆ ಆ ಫೋಟೊವನ್ನು ವೈದ್ಯರಿಗೆ ತೋರಿಸಿ.

ಧಾರವಾಡ ಪೇಡೆ (ಮಧ್ಯಾಹ್ನ 12:20)

2021ರಲ್ಲಿ ಬಂದಿತ್ತಲ್ಲ ಕಪ್ಪು ಶಿಲೀಂಧ್ರ, ಇದು ಅದೇ ಅಲ್ಲವೇ?

ಸೋಮೇಶ್ವರ ಗುಡಿ (ಮಧ್ಯಾಹ್ನ 12:28)

ಅಲ್ಲ. ಅದು ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ರೋಗನಿರೋಧಕ ಶಕ್ತಿ ಕುಸಿದವರಿಗೆ ಬರುವ ಶಿಲೀಂಧ್ರ. ಅದರ ಔಷಧವೇ ಬೇರೆ. ಇಲ್ಲಿ ಮಾತನಾಡುತ್ತಿರುವುದು ಬ್ಯಾಕ್ಟೀರಿಯಾದ ಬಗ್ಗೆ, ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಇಂಥವು.

ಬಂಕಾಪುರದ ನವಿಲು (ಮಧ್ಯಾಹ್ನ 1:05)

ನಾನು ಆಶಾ ಕಾರ್ಯಕರ್ತೆ. ಇದಕ್ಕೆ ಲಸಿಕೆ ಏನಾದರೂ ಇದೆಯೇ ಎಂದು ತಾಯಂದಿರು ಕೇಳಿದರೆ ಏನು ಹೇಳಬೇಕು ಸರ್?

ಉಣಕಲ್ ಕೆರೆ (ಮಧ್ಯಾಹ್ನ 2:10)

ಈ ರೋಗಕ್ಕೆಂದೇ ಲಸಿಕೆ ಇಲ್ಲ, ಆದರೆ ನೀವು ಹಾಕಿಸುವ ಲಸಿಕೆಗಳೇ ಇದನ್ನು ಕಡಿಮೆ ಮಾಡಿವೆ. ಹಿಂದೆ ಚಿಕ್ಕ ಮಕ್ಕಳ ಕಣ್ಣಿನ ಸುತ್ತಲಿನ ಸೋಂಕಿಗೆ ಹಿಬ್ ಎಂಬ ರೋಗಾಣು ದೊಡ್ಡ ಕಾರಣವಾಗಿತ್ತು, ಅದು ರಕ್ತಕ್ಕೂ ಮಿದುಳಿನ ಪೊರೆಗೂ ಹೋಗುತ್ತಿತ್ತು. ಲಸಿಕೆ ಬಂದ ದೇಶಗಳಲ್ಲೆಲ್ಲ ಅದು ಅಪರೂಪವಾಯಿತು. 6, 10, 14ನೆಯ ವಾರದ ಪೆಂಟಾವೇಲೆಂಟ್‌ನಲ್ಲಿ ಹಿಬ್ ಇದೆ. 6, 14ನೆಯ ವಾರ ಮತ್ತು 9ನೆಯ ತಿಂಗಳಿಗೆ ಕೊಡುವ ಪಿಸಿವಿ ನ್ಯೂಮೊಕಾಕಸ್‌ಗೆ. ಪಿಸಿವಿ ದೇಶದ ಎಲ್ಲ ಸರಕಾರಿ ಕೇಂದ್ರಗಳಿಗೆ ಬಂದದ್ದು 2021ರಲ್ಲಿ, ಹಾಗಾಗಿ ದೊಡ್ಡ ಮಕ್ಕಳ ಕಾರ್ಡಿನಲ್ಲಿ ಅದು ಇರಲಿಕ್ಕಿಲ್ಲ. ದಾಖಲಾಗುವಾಗ ತಾಯಿ ಕಾರ್ಡ್ ತರಲಿ ಎಂದು ಹೇಳಿಬಿಡಿ ಮೇಡಂ. ನಾವು ಕೇಳಿದಾಗ ‘ಮನೆಯ ಟ್ರಂಕಿನಲ್ಲಿದೆ’ ಎಂಬ ಉತ್ತರವೇ ಹೆಚ್ಚು.

ಕಪ್ಪತಗುಡ್ಡ (ಬುಧವಾರ, ಸಂಜೆ 5:30)

ಜ್ವರ ನಿನ್ನೆ ರಾತ್ರಿಯಿಂದ ಬಂದಿಲ್ಲ. ಇವತ್ತು ಕಣ್ಣು ತಾನೇ ಅರ್ಧ ತೆರೆದ, ಕೆಂಪು ಗೆರೆಯ ಒಳಗೇ ಇದೆ. ಕಣ್ಣಿನ ವೈದ್ಯರು ತಿರುಗಿಸುವಾಗ ಮೊದಲಿನಷ್ಟು ನೋಯುತ್ತಿಲ್ಲ ಎಂದರು. ಆಪರೇಷನ್ ಬೇಕಾಗಲಿಕ್ಕಿಲ್ಲ, ಆದರೂ ಇನ್ನೂ ಕೆಲವು ದಿನ ಇಂಜೆಕ್ಷನ್ ಮುಂದುವರಿಯಲಿ ಎಂದಿದ್ದಾರೆ. ಯಾವ ರೋಗಾಣು ಎಂದು ತಿಳಿಯಲು ಮಾಡಿದ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲವಂತೆ. ಏನೂ ಬೆಳೆಯದಿದ್ದರೆ ಯಾವ ಔಷಧ ಎಂದು ಹೇಗೆ ತೀರ್ಮಾನಿಸುತ್ತಾರೆ? ಭಾವನ ಅಣ್ಣ ಈಗ ಅದನ್ನು ಹಿಡಿದುಕೊಂಡಿದ್ದಾರೆ. ಸ್ಟಿರಾಯ್ಡ್ ಕೊಡುವ ಮಾತೂ ಬಂತು, ತುಂಗಭದ್ರಾ ತೀರದವರು ಬೈದದ್ದು ನೆನಪಾಗಿ ಗಾಬರಿಯಾಯಿತು.

ಉಣಕಲ್ ಕೆರೆ (ಸಂಜೆ 6:45)

ಒಳ್ಳೆಯ ಸುದ್ದಿ. ಈ ರೋಗದಲ್ಲಿ ಮಕ್ಕಳ ರಕ್ತದ ಕಲ್ಚರ್ ಹೆಚ್ಚಾಗಿ ಖಾಲಿಯೇ ಬರುತ್ತದೆ. ಕೀವು ತೆಗೆದಿದ್ದರೆ ಅದರಲ್ಲಿ ಬೆಳೆಯುವ ಸಾಧ್ಯತೆ ಹೆಚ್ಚು, ನಿಮ್ಮವನಿಗೆ ತೆಗೆಯಬೇಕಾಗಿಲ್ಲ. ಆದ್ದರಿಂದ ಸಾಮಾನ್ಯವಾಗಿ ಇರುವ ರೋಗಾಣುಗಳೆಲ್ಲವನ್ನೂ ಹಿಡಿಯುವಂತೆ ಔಷಧ ಆರಿಸುತ್ತಾರೆ. ಇಂಜೆಕ್ಷನ್‌ಗೆ ಮಗು ಸ್ಪಂದಿಸಿದ್ದೇ ಅರ್ಧ ಉತ್ತರ. ಮನೆಗೆ ಕಳುಹಿಸುವಾಗ ಅದೇ ವ್ಯಾಪ್ತಿಯ ಬಾಯಿ ಔಷಧ ಕೊಡುತ್ತಾರೆ, ಎರಡೂ ಸೇರಿ ಎರಡರಿಂದ ಮೂರು ವಾರ ಆಗುತ್ತದೆ.

ಸ್ಟಿರಾಯ್ಡ್ ವಿಷಯದಲ್ಲಿ ಗಾಬರಿ ಬೇಡ. ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತಿದೆ ಎಂದು ಖಚಿತವಾದ ಮೇಲೆ, ವಾರ್ಡಿನಲ್ಲಿ ಕಣ್ಣಿಟ್ಟು, ಊತ ಬೇಗ ಇಳಿಯಲಿ ಎಂದು ಕೆಲವರು ಕೊಡುತ್ತಾರೆ. ಎಲ್ಲರೂ ಒಪ್ಪಿದ ವಿಚಾರವಲ್ಲ, ನಾನು ಎಲ್ಲರಿಗೂ ಕೊಡುವುದಿಲ್ಲ. ಆದರೆ ಅದಕ್ಕೂ ಅಂಗಡಿಯಿಂದ ಹನಿ ತಂದು ಹಾಕುವುದಕ್ಕೂ ಸಂಬಂಧವಿಲ್ಲ.

ತುಂಗಭದ್ರಾ ತೀರ (ಸಂಜೆ 7:20)

ನಾನು ಬೈದದ್ದು ಹನಿಗೆ, ನಿಮ್ಮ ವೈದ್ಯರಿಗಲ್ಲ. ಈಗ ಮನೆಗೆ ಹೋದ ಮೇಲಿನ ಸಂಗತಿ ಕೇಳಿ. ಬಾಯಿ ಔಷಧ ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಸಿರಪ್ ಆದರೆ ಅದು ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕುಲುಕಬೇಕು. ನೀರು ಹಾಕಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಏಳು ದಿನ, ಅಷ್ಟೇ. ಜನ ಒಂದೇ ಬಾರಿಗೆ ಎಲ್ಲ ಬಾಟಲಿಗಳಿಗೂ ನೀರು ಹಾಕಿ ಸಾಲಾಗಿ ಇಟ್ಟುಕೊಳ್ಳುತ್ತಾರೆ. ಎರಡನೆಯ ವಾರಕ್ಕೆ ಮಗು ಕುಡಿಯುವುದು ಸತ್ವ ಕಳೆದುಕೊಂಡ ಔಷಧ. ಒಂದು ಮುಗಿದ ಮೇಲೆ ಇನ್ನೊಂದಕ್ಕೆ ನೀರು ಹಾಕಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಚೀಟಿ ಬರೆಯುವಾಗಲೇ ಹೇಳಿಬಿಡಿ, ನೀರಿನಲ್ಲಿ ಕರಗುವ ಗುಳಿಗೆ ಸಿಗುತ್ತದೆ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಬಳಸಿ.

ಸಾಧನಕೇರಿ ಮಳೆ (ಸಂಜೆ 7:41)

ಊಟ ಶುರುಮಾಡುವಾಗ ಕುಡಿಸಿದರೆ ಹೊಟ್ಟೆಗೆ ಹಗುರ. ಭೇದಿಯಾದರೆ ಔಷಧ ನಿಲ್ಲಿಸಿ ಸುಮ್ಮನಿರಬೇಡಿ, ಫೋನ್ ಮಾಡಿ ಕೇಳಿ. ಮನೆಗೆ ಬಂದ ಮೇಲೆ ಜ್ವರ ತಿರುಗಿ ಬಂದರೆ, ವಿಪರೀತ ತಲೆನೋವು, ವಾಂತಿ, ಮಂಪರು ಇದ್ದರೆ, ಒಂದು ಎರಡಾಗಿ ಕಂಡರೆ ಮರುಪರೀಕ್ಷೆಯ ದಿನಾಂಕಕ್ಕೆ ಕಾಯದೆ ಹೊರಡಿ.

ಕಪ್ಪತಗುಡ್ಡ (ಸಂಜೆ 8:05)

ತಂಗಿಯ ಮನೆಯಲ್ಲಿ ಫ್ರಿಜ್ ಇಲ್ಲ, ಊರಿನಲ್ಲಿ ಕರೆಂಟಿನ ಭರವಸೆಯೂ ಇಲ್ಲ. ಕರಗುವ ಗುಳಿಗೆಯನ್ನೇ ಬರೆದುಕೊಡಿ ಎಂದು ನಾಳೆ ರೌಂಡ್ಸ್‌ಗೆ ಬಂದಾಗ ಕೇಳುತ್ತೇನೆ.